ಮಹಜರು ಮುಗಿಯದೆ ಏಳಲಾರೆ

ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಗೆ ಅರ್ಜಿ ಹಿಡಿದು ಹೊರಟವರು ಹಾಯ್ದೇ ಹೋಗಬೇಕಾದ ಒಂದು ಇಕ್ಕಟ್ಟಾದ ಅಂಗಡಿಯಲ್ಲಿ, ಪಹಣಿಯ ಪ್ರತಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರದ ಅರ್ಜಿ, ಕ್ರಯಪತ್ರದ ಕರಡು, ಗೃಹಪ್ರವೇಶದ ಕರೆಯೋಲೆ, ತಿಥಿಯ ಕಾರ್ಡು ಇವೆಲ್ಲವನ್ನೂ ಪಕ್ಷಪಾತವಿಲ್ಲದೆ, ಒಂದೇ ಮುಖಭಾವದಿಂದ ಅಣಿಮಾಡಿಕೊಡುತ್ತಿದ್ದ ಗಣಕಯಂತ್ರವೊಂದುಂಟು. ಅದರ ವಯಸ್ಸು ಹತ್ತು ದಾಟಿದೆ. ಯಂತ್ರಗಳ ಲೆಕ್ಕದಲ್ಲಿ ಇದು ವಾನಪ್ರಸ್ಥಕ್ಕೆ ಸಲ್ಲುವ ವಯಸ್ಸು. ಆದರೆ ಅಂಗಡಿಯ ಯಜಮಾನರು, ಹೊಸದನ್ನು ಕೊಳ್ಳುವ ವೆಚ್ಚಕ್ಕೆ ಅಂಜಿಯೋ ಹಳೆಯದರ ಮೇಲಿನ ಮಮತೆಯಿಂದಲೋ, ಅದಕ್ಕೆ ಕಾಯಕಲ್ಪ ಮಾಡಿಸಲು ನಿಶ್ಚಯಿಸಿದರು. ಪಾಂಡವಪುರದ ಪರಿಚಿತರೊಬ್ಬರಿಂದ ಬಳಸಿದ ರ‍್ಯಾಮ್ ಪಟ್ಟಿಯೊಂದು, ಕೃಷ್ಣರಾಜಪೇಟೆಯಲ್ಲಿರುವ ಸೋದರಳಿಯನು ತಂದ ಹೊಸ ಎಸ್‌ಎಸ್‌ಡಿ, ನಾಗಮಂಗಲದ ಬೀಗರ ಮನೆಯಲ್ಲಿ ಹುಡುಗನ ಆಟದ ಹುಚ್ಚು ಇಳಿದ ಮೇಲೆ ಮೂಲೆ ಸೇರಿದ್ದ ಗ್ರಾಫಿಕ್ಸ್ ಕಾರ್ಡು, ಈ ಮೂರೂ ಒಂದೇ ಸಂಜೆ ಆ ವೃದ್ಧನ ಒಡಲನ್ನು ಹೊಕ್ಕುವು. ಮುಚ್ಚಳ ಹಾಕಿ, ತಿರುಪು ಬಿಗಿದು, ಹಣೆಯ ಭಾಗಕ್ಕೆ ಕುಂಕುಮವನ್ನೂ ಇಟ್ಟು ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ಎದುರಿನ ದೀಪ ಹತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು.

'ನೆನ್ನೆಗಂಟ ಚೆಂದಾಗೇ ಇತ್ತು ಕನಣ್ಣ' ಎಂದು ಯಜಮಾನರು ಬಂದವರೆಲ್ಲರೊಡನೆ ಅಳಲು ತೋಡಿಕೊಂಡರು. ಬಂದವರೆಲ್ಲರೂ ಒಂದೊಂದು ನಿದಾನ ಹೇಳಿ, ಒಂದೊಂದು ತಂತಿಯನ್ನು ಜಗ್ಗಿ ಹೋದರು. ಕಡೆಗೆ ಯಜಮಾನರು ಊಟಕ್ಕೂ, ಅಂಗಡಿಯ ಹುಡುಗನು ಚಹಕ್ಕೂ ಎದ್ದುಹೋದ ಮಧ್ಯಾಹ್ನದ ವಿರಾಮದಲ್ಲಿ ನಾನೊಬ್ಬನೇ ಉಳಿದೆನು. ಮಾತುಬಾರದ ವಸ್ತುಗಳೊಡನೆ ಸಂಭಾಷಿಸುವ ಅಧಿಕಾರವು ಹರಟೆಯ ಲೇಖಕರಿಗೆ ಪರಂಪರೆಯಿಂದ ಬಂದದ್ದು, ಎ. ಎನ್. ಮೂರ್ತಿರಾಯರು 1900ರಲ್ಲಿ ಜನಿಸಿದ ಅಕ್ಕಿಹೆಬ್ಬಾಳು ಇಲ್ಲಿಂದ ಬಹುದೂರವೇನೂ ಅಲ್ಲವಾದ್ದರಿಂದ, ನೆರೆಯ ತಾಲ್ಲೂಕಿನವನಾದ ನಾನು ಆ ಅಧಿಕಾರವನ್ನು ಚಲಾಯಿಸದೆ ಬಿಟ್ಟರೆ ನೆರೆಹೊರೆಯ ಧರ್ಮಕ್ಕೇ ಲೋಪ ಬಂದೀತೆಂದು ಭಾವಿಸಿ, ಸ್ಟೂಲನ್ನು ಹತ್ತಿರ ಎಳೆದುಕೊಂಡು ಕುಳಿತೆ.

ನಾನು: ನಮಸ್ಕಾರ. ತಮ್ಮ ಆರೋಗ್ಯ ಹೇಗಿದೆಯೆಂದು ಕೇಳಬಹುದೆ?

ಯಂತ್ರ: ಅವಶ್ಯವಾಗಿ ಕೇಳಬಹುದು ಸ್ವಾಮಿ. ಈ ಪ್ರಶ್ನೆಯನ್ನು ನನ್ನನ್ನೇ ಕೇಳಿದವರಲ್ಲಿ ತಾವು ಮೊದಲಿಗರು. ಉಳಿದವರೆಲ್ಲ ನನ್ನ ಆರೋಗ್ಯವನ್ನು ತಮ್ಮತಮ್ಮಲ್ಲೇ ವಿಚಾರಿಸಿಕೊಂಡರು.

ನಾನು: ತಾವು ಮುಷ್ಕರ ಹೂಡಿರುವಿರೆಂದು ಬೀದಿಯಲ್ಲಿ ವದಂತಿ.

ಯಂತ್ರ: ಶುದ್ಧ ಅಪವಾದ. ಮುಷ್ಕರ ಹೂಡಿದವನು ಕೆಲಸವನ್ನು ನಿಲ್ಲಿಸುತ್ತಾನೆ. ನಾನಾದರೋ ಆರಂಭಿಸಿದ್ದೇನೆ, ಮುಗಿಸಲು ನನಗೆ ಅವಕಾಶ ದೊರೆತಿಲ್ಲ. ಗುಂಡಿ ಒತ್ತಿದೊಡನೆ ನಾನು ಎದ್ದು ಕುಳಿತುಬಿಡುತ್ತೇನೆಂದು ಜನ ತಿಳಿದಿದ್ದಾರೆ. ಮೊದಲು ಎಸ್‌ಎಂಪಿಎಸ್ ತನ್ನ ವೋಲ್ಟೇಜುಗಳೆಲ್ಲ ಸ್ಥಿಮಿತಕ್ಕೆ ಬಂದುವೆಂದು ಒಂದು ಸಂಕೇತವನ್ನು ಕಳುಹಿಸಬೇಕು. ಅದು ಬರುವ ತನಕ ಪ್ರೊಸೆಸರು ಕಣ್ಣು ತೆರೆಯುವಂತಿಲ್ಲ. ಕಣ್ಣು ತೆರೆದ ಬಳಿಕವೂ ಅದು ಓದತೊಡಗುವುದು ಡಿಸ್ಕಿನಲ್ಲಿರುವ ವಿಂಡೋಸನ್ನಲ್ಲ, ಬೋರ್ಡಿನ ಮೇಲೇ ಕೂರಿಸಿರುವ ಪುಟ್ಟದೊಂದು ಚಿಪ್ಪಿನಲ್ಲಿ ಅಡಕವಾದ ಬಯೋಸ್ ಎಂಬ ಶಾಸನವನ್ನು. ಮೆಮೊರಿ ಸರಿಯಿದೆಯೆ ನೋಡು, ಚಿತ್ರ ತೋರುವ ಸಾಧನ ಉಂಟೆ ನೋಡು, ಕೀಲಿಮಣೆ ಉಂಟೆ, ಡಿಸ್ಕು ಉಂಟೆ ನೋಡು, ಎಲ್ಲವೂ ಸರಿಯಾಗಿದ್ದಲ್ಲಿ ಡಿಸ್ಕಿನ ಮೊದಲ 512 ಬೈಟುಗಳನ್ನು ಓದಿ ಅಧಿಕಾರವನ್ನು ಅಲ್ಲಿಗೆ ವಹಿಸಿಕೊಟ್ಟು ನೀನು ಪಕ್ಕಕ್ಕೆ ಸರಿ, ಇದು ಆ ಶಾಸನದ ವಿಧಿ. 1981ರಲ್ಲಿ ಐಬಿಎಂನ ಪಿಸಿ ಹೊರಬಂದ ಕಾಲದಿಂದ ನಮ್ಮ ಕುಲದಲ್ಲಿ ನಡೆದುಬಂದ ನಿತ್ಯಕರ್ಮ. ಇದರಲ್ಲಿ ಒಂದು ಹಂತ ತಪ್ಪಿದರೆ ಮುಂದಿನದಕ್ಕೆ ಕಾಲಿಡುವಂತಿಲ್ಲ. ಈ ಬೀದಿಯವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದಾದರೆ, ನಾನು ಸ್ಥಳ ಮಹಜರು ನಡೆಸುತ್ತಿದ್ದೇನೆ; ಪಂಚರಲ್ಲಿ ಒಬ್ಬರು ಹಾಜರಾಗಿಲ್ಲ. ಮಹಜರು ಮುಗಿಯದೆ ಏಳುವ ಅಧಿಕಾರ ನನಗಿಲ್ಲ.

ನಾನು: ಎಲ್ಲಿ ತೊಡಕಾಯಿತೆಂದು ತಾವೇ ಕೂಗಿ ಹೇಳಬಹುದಿತ್ತಲ್ಲ?

ಯಂತ್ರ: ಹೇಳುವ ಏರ್ಪಾಡು ಇತ್ತು. ಬೋರ್ಡಿನ ಮೂಲೆಗೆ ಕಡಲೆಕಾಳಿನ ಗಾತ್ರದ ಸ್ಪೀಕರೊಂದನ್ನು ಸಿಕ್ಕಿಸಿರುತ್ತಾರೆ. ಸಾಮಾನ್ಯವಾಗಿ ಒಂದು ಹ್ರಸ್ವವಾದ ಕೂಗೆಂದರೆ ಸರ್ವವೂ ಕುಶಲ; ಕೆಲವು ಬಯೋಸುಗಳಲ್ಲಿ ಒಂದು ದೀರ್ಘ, ಎರಡು ಹ್ರಸ್ವವೆಂದರೆ ಚಿತ್ರದ ಕಾರ್ಡಿನಲ್ಲಿ ದೋಷ; ಬಿಟ್ಟುಬಿಟ್ಟು ದೀರ್ಘವಾಗಿಯೇ ಕೂಗುತ್ತಿದ್ದರೆ ಬಹುಪಾಲು ಮೆಮೊರಿಯದು. ಗುರು-ಲಘುಗಳನ್ನು ಶಾಲೆಯಲ್ಲಿ ಪ್ರಸ್ತಾರ ಹಾಕಿ ಬೆಳೆದ ನಾಡಿನವರಿಗೆ ಇದೇನು ಕಷ್ಟದ ಛಂದಸ್ಸೆ? ಆದರೆ ಅಂಗಡಿಯ ಹುಡುಗನು, 'ಬೆಳಿಗ್ಗೆ ಬೆಳಿಗ್ಗೆನೇ ಕಿರ್ ಅಂತದೆ' ಎಂದು ಆ ಸ್ಪೀಕರನ್ನು ಎಂದೋ ಕಿತ್ತು, ಡ್ರಾಯರಿನಲ್ಲಿ ರಬ್ಬರ್ ಸ್ಟಾಂಪುಗಳ ನಡುವೆ ಎಸೆದಿದ್ದಾನೆ. ಈಗ ನನ್ನೆದುರು ನಿಂತು, 'ಬಾಯ್ಬಿಡ್ತಾನೇ ಇಲ್ವಲ್ಲ' ಎಂದು ಅವನೇ ನೊಂದುಕೊಳ್ಳುತ್ತಾನೆ.

ನಾನು: ನಾಲ್ಕು ತಾಲ್ಲೂಕಿನ ತಜ್ಞರು ತಮ್ಮನ್ನು ಪರೀಕ್ಷಿಸಿದ್ದಾರಷ್ಟೆ? ಅವರ ಅಭಿಪ್ರಾಯದಲ್ಲಿ ತಥ್ಯವೇನಾದರೂ ಇದೆಯೆ?

ಯಂತ್ರ: ಅವರ ಅಭಿಪ್ರಾಯಗಳನ್ನು ಸಾಲಾಗಿ ಇಟ್ಟು ನೋಡಿದರೆ ತಮಗೇ ತಥ್ಯ ಗೋಚರಿಸೀತು. ಪಾಂಡವಪುರದವರು ಫೋನಿನಲ್ಲಿಯೇ ತೀರ್ಪಿತ್ತರು: 'ರ‍್ಯಾಮು ಪಕ್ಕಾ ಒರಿಜಿನಲ್ಲು, ನಿಮ್ ಬೋರ್ಡೇ ಹೋಗದೆ.' ಕೃಷ್ಣರಾಜಪೇಟೆಯ ಸೋದರಳಿಯನು ಬೈಕಿನಿಂದ ಇಳಿಯುವ ಮೊದಲೇ, 'ವೈರಸ್ ಬಂದದೆ ಮಾವ, ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕ್ಬೇಕು' ಎಂದನು. ನಾಗಮಂಗಲದ ಬೀಗರು, ತಾವು ಕೊಟ್ಟ ಕಾರ್ಡಿನ ಶೀಲವನ್ನು ಯಾರೂ ಶಂಕಿಸುವ ಮೊದಲೇ, 'ಎಸ್‌ಎಂಪಿಎಸ್ ಬದಲಾಯಿಸಿ ನೋಡಿ ಬೀಗರೇ' ಎಂದು ಸಲಹೆ ಮಾಡಿದರು. ಈ ಮೂವರಿಗಿಂತ ಅನುಭವಸ್ಥರಾದ ನಮ್ಮ ಯಜಮಾನರು, ಇದು ಎದುರಂಗಡಿಯವರ ಕಣ್ಣು ಬಿದ್ದದ್ದೇ ಸೈ ಎಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದರು. ಒಂದಂಶವನ್ನು ಗಮನಿಸಿ: ಪ್ರತಿಯೊಬ್ಬರೂ ತಾವು ಮುಟ್ಟದೆ ಇದ್ದ ಅಂಗವನ್ನೇ ದೋಷಿಯೆಂದು ಬೆರಳು ಮಾಡಿದರು. ತಾನು ತಂದುದರ ಮೇಲೆ, ತಾನು ಸಿಕ್ಕಿಸಿದುದರ ಮೇಲೆ ಸಂಶಯಪಟ್ಟವನು ಒಬ್ಬನೂ ಇಲ್ಲ. ನಿನ್ನೆಯವರೆಗೆ ನಡೆಯುತ್ತಿದ್ದುದು ಇಂದು ನಿಂತಿತೆಂದರೆ, ನಿನ್ನೆಗೂ ಇಂದಿಗೂ ನಡುವೆ ಬದಲಾದುದೇನೆಂದು ಕೇಳಬೇಕಾದದ್ದು ನ್ಯಾಯ. ಆದರೆ ಆ ಪ್ರಶ್ನೆಯ ಉತ್ತರದಲ್ಲಿ ಕೇಳಿದವರ ಹೆಸರೇ ಬರುವ ಸಂಭವವಿರುವುದರಿಂದ ಜಗತ್ತಿನಲ್ಲಿ ಅದನ್ನು ಕೇಳುವವರು ವಿರಳ.

ನಾನು: ವೈರಸ್ಸಿನ ಸಾಧ್ಯತೆಯನ್ನು ಪೂರ್ತಿಯಾಗಿ ತಳ್ಳಿಹಾಕುವಿರಾ?

ಯಂತ್ರ: ಆ ಪ್ರಾಣಿ ವಾಸಿಸುವುದು ಸಾಮಾನ್ಯವಾಗಿ ಡಿಸ್ಕಿನಲ್ಲಿ. ನಾನು ಮೆಮೊರಿಯ ಹೊಸ್ತಿಲನ್ನೇ ದಾಟಿಲ್ಲ. ಡಿಸ್ಕಿನ ಬಾಗಿಲು ಇನ್ನೂ ದೂರವಿದೆ. ಇನ್ನೂ ಓದದೆ ಇರುವ ಪತ್ರವು ನನ್ನನ್ನು ಹೇಗೆ ಕೆಡಿಸೀತು? ಆದರೆ ಇದು ಈ ಊರಿನ ಗಾಳಿಯ ಗುಣವೂ ಇರಬಹುದು. 1799ರ ಮೇ 4ರಂದು ಕೋಟೆ ಬಿದ್ದಂದಿನಿಂದ ಈ ದ್ವೀಪದಲ್ಲಿ ಯಾವುದು ಬಿದ್ದರೂ ಜನರು ಮೊದಲು ಅರಸುವುದು ಒಬ್ಬ ಮೀರ್ ಸಾದಿಕನನ್ನು. ದ್ರೋಹ ನಡೆಯಲೇ ಇಲ್ಲವೆಂದು ವಾದಿಸುವುದು ನನ್ನ ಕೆಲಸವಲ್ಲ. ಅದು ಇತಿಹಾಸಜ್ಞರ ಪಾಲಿನದು. ಫಿರಂಗಿಯ ಗುಂಡುಗಳಿಗೆ ಗೋಡೆ ಒಡೆದ ಸ್ಥಳವನ್ನೂ ಇದೇ ಊರಿನಲ್ಲಿ ತೋರಿಸುತ್ತಾರಷ್ಟೆ? ಆ ಒಡಕಿನ ಮುಂದೆ ನಿಂತು ಗೋಡೆಯ ದಪ್ಪವನ್ನು ಅಳೆಯುವವನು ಒಬ್ಬನಾದರೆ, ದ್ರೋಹಿಯ ಕಥೆ ಕೇಳಲು ಕೂರುವವರು ಹತ್ತು ಮಂದಿ. ಕಥೆಯಲ್ಲಿ ರಸವಿದೆ, ಒಡಕಿನಲ್ಲಿ ಏನಿದೆ?

ನಾನು: ಹಾಗಾದರೆ ಬದಲಾವಣೆಗೇ ತಮ್ಮ ವಿರೋಧವೆಂದು ತಿಳಿಯಲೆ?

ಯಂತ್ರ: ಎಂದಿಗೂ ಇಲ್ಲ. ಫ್ರೆಂಚ್ ರಾಕ್ಸ್ ಎಂಬುದು ಪಾಂಡವಪುರವಾಯಿತು, ಅತ್ತಿಕುಪ್ಪೆ ಎಂಬುದು ಕೃಷ್ಣರಾಜಪೇಟೆಯಾಯಿತು. ಮಾರನೆಯ ಬೆಳಿಗ್ಗೆ ಎರಡು ಊರುಗಳೂ ಎದ್ದು ತಮ್ಮ ಪಾಡಿಗೆ ಸಂತೆಗೆ ಹೋದುವು. ಏಕೆಂದರೆ ಅಲ್ಲಿ ಬದಲಾದದ್ದು ಫಲಕ, ಒಡಲಲ್ಲ. ಒಡಲನ್ನು ಬದಲಾಯಿಸುವಾಗಿನ ಜಾಗ್ರತೆಯೇ ಬೇರೆ. ನಮ್ಮ ಯಜಮಾನರು ಮೂರನ್ನು ಒಂದೇ ಸಂಜೆ ಬದಲಾಯಿಸಿದರು. ಮೂವರು ಸೊಸೆಯರು ಒಂದೇ ಮುಹೂರ್ತದಲ್ಲಿ ಮನೆ ತುಂಬಿ, ಅಂದೇ ರಾತ್ರಿಯ ಸಾರಿಗೆ ಉಪ್ಪು ಮಿಕ್ಕರೆ, ಯಾರ ಕೈಯೆಂದು ಅತ್ತೆ ಹೇಗೆ ನಿರ್ಣಯಿಸಬೇಕು? ಒಂದನ್ನು ಹಾಕಿ ನನ್ನನ್ನು ಎಬ್ಬಿಸಿ ನೋಡಿ, ಎದ್ದೆನೆಂದು ಖಾತರಿಯಾದ ಮೇಲೆ ಎರಡನೆಯದಕ್ಕೆ ಕೈಹಾಕಿದ್ದರೆ, ಅಪರಾಧಿ ತಾನಾಗಿಯೇ ಸಿಕ್ಕಿಬೀಳುತ್ತಿದ್ದನು. ಅಷ್ಟಕ್ಕೆ ತಗಲುತ್ತಿದ್ದುದು ಒಂದು ಲೋಟ ಚಹ ಕುಡಿಯುವ ಹೊತ್ತು. ಆದರೆ ಮುಚ್ಚಳವನ್ನು ಪದೇಪದೇ ತೆಗೆಯುವುದೆಂದರೆ ಈ ನಾಡಿನಲ್ಲಿ ಅದೇಕೋ ಪ್ರಾಣಸಂಕಟ.

ನಾನು: ಈ ಪ್ರಾಂತದಲ್ಲಿ ಒಡಲನ್ನು ಬದಲಾಯಿಸಿಯೂ ಎದ್ದು ನಿಂತ ನಿದರ್ಶನ ಯಾವುದಾದರೂ ಉಂಟೆ?

ಯಂತ್ರ: ತಾವು ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಗೆ ಹೋಗಿರುವಿರಷ್ಟೆ? 1911ರಲ್ಲಿ ಕಾಮಗಾರಿ ಮೊದಲಾದ ಕಟ್ಟೆಯ ನೀರು ಏರುತ್ತ ಬಂದಾಗ ಹಳೆಯ ಕನ್ನಂಬಾಡಿಯೊಡನೆ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವೂ ಮುಳುಗಿತು. ಕಟ್ಟೆಯ ಮಟ್ಟ 124.80 ಅಡಿ ಮುಟ್ಟಿತೆಂದು ಜಿಲ್ಲೆಯ ರೈತರೆಲ್ಲ ಸಂಭ್ರಮಿಸುವ ವರ್ಷಗಳಲ್ಲಿ ಅದರ ಸುಳಿವೇ ಇಲ್ಲ. ಮಳೆ ಕೈಕೊಟ್ಟು ನೀರು ತಳ ಕಂಡ ಬೇಸಗೆಗಳಲ್ಲಿ ಮಾತ್ರ ಕಂಬಗಳು ಮೇಲೆದ್ದು ಕಾಣುತ್ತಿದ್ದುವು. ಜಿಲ್ಲೆಯ ದುಃಖವೇ ಆ ದೇವರ ದರ್ಶನಕಾಲ. ಕಡೆಗೆ ಈ ಶತಮಾನದ ಆದಿಯಲ್ಲಿ ಅದರ ಕಲ್ಲುಕಲ್ಲಿಗೂ ಗುರುತು ಹಾಕಿ, ಬಿಚ್ಚಿ, ಹಿನ್ನೀರಿನ ದಡದ ಎತ್ತರದ ನೆಲಕ್ಕೆ ಸಾಗಿಸಿ, ಆ ಗುರುತುಗಳ ಪ್ರಕಾರವೇ ಮತ್ತೆ ಜೋಡಿಸಿದರು. ಕಂಬದ ಕಲ್ಲು ಕಂಬಕ್ಕೇ ಬಂದಿತು, ತೊಲೆಯದು ತೊಲೆಗೇ ಬಂದಿತು. ಬಿಚ್ಚುವವನ ಬುದ್ಧಿ ಬಿಚ್ಚುವ ಮೊದಲೇ ಕೆಲಸ ಮಾಡಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ನನ್ನನ್ನು ಬಿಚ್ಚಿದವರ ಕಿಸೆಯಲ್ಲಿಯೂ ಕ್ಯಾಮರಾ ಇದ್ದ ಮೊಬೈಲಿತ್ತು. ಯಾವ ತಂತಿ ಯಾವ ಮುಳ್ಳಿನ ಮೇಲಿತ್ತೆಂದು ಅದರಲ್ಲಿ ಒಂದು ಚಿತ್ರ ತೆಗೆದುಕೊಳ್ಳಬಹುದಿತ್ತು. ತೆಗೆದರು, ಇಲ್ಲವೆನ್ನಲಾಗದು, ಮುಚ್ಚಳ ತೆರೆದ ನನ್ನ ಪಕ್ಕದಲ್ಲಿ ನಿಂತು ತಮ್ಮ ಮುಖವನ್ನು ತೆಗೆದುಕೊಂಡರು.

ನಾನು: ಎಲ್ಲರಿಗೂ ಅಷ್ಟು ಸಹನೆ ಇರಬೇಕಲ್ಲ?

ಯಂತ್ರ: ಇಲ್ಲದವರಿಗೆ ಇನ್ನೊಂದು ಮಾರ್ಗವನ್ನು ಇದೇ ಊರಿನ ರೈಲು ನಿಲ್ದಾಣದ ಬಳಿ ತೋರಿಸಿದ್ದಾರೆ. ಬೆಂಗಳೂರು ಮೈಸೂರುಗಳ ನಡುವಣ ಹಳಿಯನ್ನು ಜೋಡಿಯಾಗಿಸುವಾಗ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದು ಅಡ್ಡಬಂದಿತು. 2017ರಲ್ಲಿ ಅದನ್ನು ಬಿಚ್ಚಲಿಲ್ಲ, ಒಡೆಯಲಿಲ್ಲ. ಬುಡದಲ್ಲಿ ಜಾಕುಗಳನ್ನು ಕೊಟ್ಟು ಇಡಿಯಾಗಿ ಎತ್ತಿ, ಅಂಗುಲ ಅಂಗುಲವಾಗಿ ಜರುಗಿಸಿ, ನೂರಾರು ಅಡಿ ಆಚೆ ಕೂರಿಸಿದರು. ಒಂದೋ ಗುರುತು ಹಾಕಿ ಬಿಚ್ಚಬೇಕು, ಇಲ್ಲವೋ ಬಿಚ್ಚದೆಯೇ ಜರುಗಿಸಬೇಕು. ಗುರುತೂ ಹಾಕದೆ ಬಿಚ್ಚುವ ಮೂರನೆಯ ಮಾರ್ಗವನ್ನು ಕಂಡುಹಿಡಿದ ಕೀರ್ತಿ ನಮ್ಮ ಅಂಗಡಿಗೆ ಸಲ್ಲತಕ್ಕದ್ದು.

ನಾನು: ತಮ್ಮ ಒಳಗಿನ ಪರಿಸ್ಥಿತಿಯನ್ನು ತುಸು ವಿವರವಾಗಿ ಹೇಳೋಣವಾಗಲಿ.

ಯಂತ್ರ: ಮೊದಲು ಧೂಳನ್ನು ಹೇಳಬೇಕು. ಆಲೆಮನೆಗಳು ಉರಿಯುವ ಕಾಲದಲ್ಲಿ ಗಾಳಿಯಲ್ಲಿ ತೇಲಿಬರುವ ಕರಿಯ ಮಸಿಯು ಫ್ಯಾನಿನ ಮೂಲಕ ಒಳಗೆ ಬಂದು, ಕಾಫಿಯ ಹಬೆಯೊಡನೆಯೂ ಜೆರಾಕ್ಸ್ ಯಂತ್ರದ ಪುಡಿಯೊಡನೆಯೂ ಕಲೆತು, ಶಾಖ ಕಳೆಯಬೇಕಾದ ಅಲ್ಯೂಮಿನಿಯಂ ಪದರುಗಳ ನಡುವೆ ಕಂಬಳಿಯಂತೆ ಹಾಸಿಕೊಂಡಿದೆ. ಎಸ್‌ಎಂಪಿಎಸ್ಸಿನ ಜಾಲರಿಯಲ್ಲಿ ಹಲ್ಲಿಯ ಎರಡು ಮೊಟ್ಟೆಯ ಸಿಪ್ಪೆಗಳಿವೆ. ಮರಿಗಳು ಕ್ಷೇಮವಾಗಿ ಹೊರಹೋದುವು. ಇರಲಿ, ಅದು ಹಳೆಯ ಸಂಸಾರ. ಹೊಸಬರ ವಿಷಯಕ್ಕೆ ಬರೋಣ. ನಾನು ಡಿಡಿಆರ್3 ಪೀಳಿಗೆಯವನು. ನಮ್ಮ ಮೆಮೊರಿ ಪಟ್ಟಿಗೆ 240 ಹಲ್ಲುಗಳು. ಡಿಡಿಆರ್4ರವರಿಗೆ 288, ಅಂಚಿನ ಕಚ್ಚೂ ಬೇರೆ ಸ್ಥಾನದಲ್ಲಿರುತ್ತದೆ. ಆದುದರಿಂದ ಒಂದು ಪೀಳಿಗೆಯದು ಇನ್ನೊಂದರ ಗಾಡಿಯಲ್ಲಿ ಕೂರಲಾರದು, ಕೂರಿಸಲು ಬಲ ಪ್ರಯೋಗಿಸಿದರೆ ಮುರಿದೀತು. ಪಾಂಡವಪುರದಿಂದ ಬಂದದ್ದು ಪುಣ್ಯವಶಾತ್ ನನ್ನ ಪೀಳಿಗೆಯದೇ. ಆದರೆ ಅದರ ಚಿನ್ನದ ಲೇಪದ ಹಲ್ಲುಗಳ ಮೇಲೆ ಯಾರದೋ ಹೆಬ್ಬೆರಳಿನ ಜಿಡ್ಡಿದೆ. ಅದನ್ನು ಒತ್ತುವಾಗ ಒಂದು ತುದಿಯ ಬಿಳಿಯ ಕೊಕ್ಕೆ ಟಕ್ಕೆಂದು ಬಿದ್ದುದನ್ನು ಕೇಳಿ ಹುಡುಗನು ತೃಪ್ತನಾದನು. ಇನ್ನೊಂದು ತುದಿಯ ಕೊಕ್ಕೆ ಕೂದಲೆಳೆಯಷ್ಟು ತೆರೆದೇ ಉಳಿದಿದೆ. ಮೇಲಿನಿಂದ ನೋಡುವವನ ಕಣ್ಣಿಗೆ ಪಟ್ಟಿ ಕೂತಿದೆ. 240ರಲ್ಲಿ ಕೆಲವು ಹಲ್ಲುಗಳ ಪಾಲಿಗೆ ಅದು ಇನ್ನೂ ಗಾಳಿಯಲ್ಲಿದೆ.

ನಾನು: ಇಷ್ಟು ಚಿಕ್ಕ ಕಾರಣಕ್ಕೆ ಅಂಗಡಿಯೇ ಸ್ತಬ್ಧವಾಯಿತೆ!

ಯಂತ್ರ: ಮಕ್ಕಳು ಪೆನ್ಸಿಲಿನ ಗೀಟು ಅಳಿಸುವ ರಬ್ಬರಿನಿಂದ ಆ ಹಲ್ಲುಗಳನ್ನು ಮೃದುವಾಗಿ ತಿಕ್ಕಿ, ಪುಡಿಯನ್ನು ಒಣಬಟ್ಟೆಯಿಂದ ಒರೆಸಿ, ಎರಡೂ ತುದಿಗಳ ಮೇಲೆ ಸಮವಾಗಿ ಒತ್ತಿ, ಎರಡು ಸಲ ಟಕ್ಕೆಂದಿತೆ ಎಂದು ಕಿವಿಗೊಟ್ಟು ಕೇಳಿದರೆ ತೀರಿತು. ಆದರೆ ಕಾರಣ ಚಿಕ್ಕದಾದಷ್ಟೂ ನಂಬುವವರು ಕಡಮೆ. ನಾಗಮಂಗಲದ ಕಾರ್ಡಿನ ಕಥೆಯೂ ಹಾಗೆಯೇ. ಕಂಚಿನ ವಿಗ್ರಹಗಳ ಎರಕಕ್ಕೆ ಹೆಸರಾದ ಊರಿನಿಂದ ದಯಮಾಡಿಸಿದ್ದರಿಂದಲೋ ಏನೋ, ಕಾರ್ಡು ನೋಡಲು ಗಂಭೀರವಾಗಿದೆ, ತೂಕವಾಗಿದೆ, ನೈವೇದ್ಯವನ್ನೂ ಅದೇ ಪ್ರಮಾಣದಲ್ಲಿ ಬಯಸುತ್ತದೆ. ತಾನು ಕೂತ ಗಾಡಿಯಿಂದ ಹೆಚ್ಚೆಂದರೆ 75 ವಾಟು ದೊರೆತೀತು. ಅದು ಸಾಲದೆಂದು ಅದರ ಅಂಚಿನಲ್ಲಿ ಆರು ಮುಳ್ಳಿನ ಇನ್ನೊಂದು ಬಾಯಿ ಇರಿಸಿದ್ದಾರೆ, ಆ ಮೂಲಕ ಮತ್ತೆ 75 ವಾಟು. ಎಸ್‌ಎಂಪಿಎಸ್ಸಿನಿಂದ ಒಂದು ತಂತಿ ಹೊರಟು ಆ ಬಾಯಿಗೆ ಸೇರಬೇಕಾದದ್ದು ಕಪಾಟಿನ ತಳದಲ್ಲಿ ಸುರುಳಿ ಸುತ್ತಿಕೊಂಡು ಮಲಗಿದೆ. ಇದಲ್ಲದೆ ಮಾನಿಟರಿನ ಕೇಬಲ್ಲನ್ನು ಹಳೆಯ ಅಭ್ಯಾಸದಿಂದ ಬೋರ್ಡಿನ ಕಿಂಡಿಗೇ ಸಿಕ್ಕಿಸಿದ್ದಾರೆ; ಹೊಸ ಕಾರ್ಡು ಬಂದಿತೆಂದು ತಿಳಿದೊಡನೆ ಬೋರ್ಡು ಸಾಮಾನ್ಯವಾಗಿ ತನ್ನ ಆ ಕಿಂಡಿಯನ್ನು ಮುಚ್ಚಿಬಿಡುತ್ತದೆ. ಹೊಸ ಅಧಿಕಾರಿಗೆ ಊಟವಿಲ್ಲ, ಹಳೆಯ ಅಧಿಕಾರಿ ಕಡತ ಮುಟ್ಟುವುದಿಲ್ಲ, ಅರ್ಜಿದಾರನು ಹಳೆಯ ಕಿಟಕಿಯ ಮುಂದೆಯೇ ಸರತಿಯಲ್ಲಿ ನಿಂತಿದ್ದಾನೆ. ಯಾವ ಊರಿನಲ್ಲಿಯೂ ವರ್ಗಾವಣೆಯ ಮಾರನೆಯ ದಿನ ಕಾಣಬಹುದಾದ ದೃಶ್ಯವಿದು, ನನ್ನೊಬ್ಬನನ್ನೇ ದೂಷಿಸುವುದೇಕೆ?

ನಾನು: ಯಾರೋ ಬಂದು ತಮ್ಮ ಬ್ಯಾಟರಿಯನ್ನೂ ತೆಗೆದರಂತೆ?

ಯಂತ್ರ: ತೆಗೆದರು. ಅದೊಂದು ಬಿಲ್ಲೆ; ಅಗಲ 20 ಮಿಲಿಮೀಟರು, ದಪ್ಪ 3.2, ಶಕ್ತಿ 3 ವೋಲ್ಟು. ಅದರ ಮೈಮೇಲೆ ಕೆತ್ತಿರುವ 2032 ಎಂಬ ಅಂಕಿ ಈ ಅಳತೆಯೇ ಹೊರತು, ಅಂಗಡಿಯ ಹುಡುಗನು ಗಿರಾಕಿಗಳಿಗೆ ಹೇಳುತ್ತಿದ್ದಂತೆ ಅದು ಕೆಡುವ ಇಸವಿಯಲ್ಲ. ನಾನು ಆರಿಹೋಗಿರುವಾಗಲೂ ಕಾಲವನ್ನು ಎಣಿಸುವುದಕ್ಕೂ, ನನ್ನ ಬಯೋಸಿನಲ್ಲಿ ಮಾಡಿದ ಏರ್ಪಾಡುಗಳನ್ನು ನೆನಪಿಡುವುದಕ್ಕೂ ಆ ಬಿಲ್ಲೆಯೇ ಆಧಾರ. ಅದನ್ನು ತೆಗೆದು ಸ್ವಲ್ಪ ಹೊತ್ತು ಬಿಡುವುದು ಅಶಾಸ್ತ್ರೀಯವೇನಲ್ಲ. ಏರ್ಪಾಡು ಗೋಜಲಾಗಿ ನಿಂತ ಯಂತ್ರವು ಎಲ್ಲವನ್ನೂ ಮರೆತು ಹುಟ್ಟಿನ ಸ್ಥಿತಿಗೆ ಮರಳಿ ಎದ್ದುಬಿಡುವುದುಂಟು. ಆದರೆ ಮರೆಸುವ ಮೊದಲು ಏನು ನೆನಪಿತ್ತೆಂದು ಬರೆದಿಟ್ಟುಕೊಳ್ಳಬೇಡವೆ? ಈಗ ನನ್ನ ಪಂಚಾಂಗವು 2013ರ ಜನವರಿ 1ಕ್ಕೆ ಹೋಗಿ ಕುಳಿತಿದೆ. ನಾಳೆ ನಾನು ಎದ್ದರೂ, ಪಹಣಿಯ ಜಾಲತಾಣದವರು ನನ್ನ ಗಡಿಯಾರವನ್ನು ನೋಡಿ ಒಳಗೆ ಬಿಡುವುದಿಲ್ಲ. ಅವರ ಭದ್ರತಾ ಪತ್ರವು ನನ್ನ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲವಷ್ಟೆ!

ನಾನು: ಈ ದ್ವೀಪದಲ್ಲಿ ಪಂಚಾಂಗ ಬದಲಾಯಿಸಿದವರಲ್ಲಿ ತಾವು ಮೊದಲಿಗರಲ್ಲ ಎಂಬುದೇ ಸಮಾಧಾನ. ಟಿಪ್ಪುವೂ ತನ್ನದೇ ಒಂದು ಶಕೆಯನ್ನು ನಡೆಸಿದ್ದನು; ಅವನ ನಾಣ್ಯಗಳ ಮೇಲಿನ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕಂತೆ.

ಯಂತ್ರ: ಅವನು ತಿಳಿದು ಬದಲಾಯಿಸಿದನು, ನಾನು ಮರೆತು ಬದಲಾಯಿಸಿದೆ. ಅದಿರಲಿ, ಪಂಚಾಂಗಕ್ಕಿಂತ ಘೋರವಾದ ಮರೆವು ಇನ್ನೊಂದಿದೆ. ನಾನು ಡಿಸ್ಕಿನೊಡನೆ ಮಾತನಾಡುತ್ತಿದ್ದುದು ಎಎಚ್‌ಸಿಐ ಎಂಬ ಕ್ರಮದಲ್ಲಿ. ಬಿಲ್ಲೆ ತೆಗೆದ ಮೇಲೆ ಹುಟ್ಟಿದಾಗಿನ ಐಡಿಇ ಕ್ರಮಕ್ಕೆ ಮರಳಿದ್ದೇನೆ. ಮೊದಲ ಕ್ರಮದಲ್ಲಿ ನೆಲೆಗೊಂಡಿದ್ದ ವಿಂಡೋಸಿಗೆ ಎರಡನೆಯ ಕ್ರಮದಲ್ಲಿ ತನ್ನ ಡಿಸ್ಕೇ ಕಾಣದು. ನಾಳೆ ರ‍್ಯಾಮು ಸರಿಯಾಗಿ ಕೂತು, ಪರದೆ ಬೆಳಗಿ, ಯಜಮಾನರು ಕೈಮುಗಿಯುವಷ್ಟರಲ್ಲಿ ಅದು ನೀಲಿಬಣ್ಣದ ಪರದೆಯೊಂದನ್ನು ತೋರಿಸಿ ಮತ್ತೆ ಕುಸಿಯುತ್ತದೆ. ಆಗ ಕೃಷ್ಣರಾಜಪೇಟೆಯ ಸೋದರಳಿಯನು, 'ನಾನ್ ಅವತ್ತೇ ಹೇಳ್ನಿಲ್ವ ಮಾವ, ವೈರಸ್ಸು ಅಂತ' ಎಂದು ಗೆಲುವಿನಿಂದ ಸುತ್ತ ನೋಡುತ್ತಾನೆ. ಬಯೋಸಿನ ಒಂದು ಸಾಲನ್ನು ಮೊದಲಿನಂತೆ ಮಾಡಿದರೆ ಸಾಕೆಂದು ಅವನಿಗೆ ಹೇಳುವವರಾರು? ಅವನು ಫಾರ್ಮ್ಯಾಟ್ ಹೊಡೆಯುತ್ತಾನೆ. ಸುತ್ತಲ ಹಳ್ಳಿಗಳವರು ವರ್ಷಾನುಗಟ್ಟಲೆ ಬರೆಸಿದ ಕ್ರಯ, ಭೋಗ್ಯ, ವಿಭಾಗಪತ್ರಗಳ ಕರಡುಗಳು ನುಡಿ ಲಿಪಿಯಲ್ಲಿ ನನ್ನ ಹಳೆಯ ಡಿಸ್ಕಿನಲ್ಲಿವೆ. ಅಣ್ಣತಮ್ಮಂದಿರ ಜಗಳಗಳೆಲ್ಲ ಒಂದೇ ಗುಂಡಿಗೆ ಅಳಿಸಿಹೋದರೆ ನೆಮ್ಮದಿಯೇ ಎನ್ನುವಿರಾ? ಮೂಲಪ್ರತಿಗಳು ನೋಂದಣಿ ಕಚೇರಿಯಲ್ಲಿರುವುದರಿಂದ ಆ ನೆಮ್ಮದಿಯೂ ಇಲ್ಲ.

ನಾನು: ತಮ್ಮ ಕಿರಿಯ ಪೀಳಿಗೆಯವರು ಇಂಥ ಸಂದರ್ಭಗಳಲ್ಲಿ ಹೆಚ್ಚು ಉದಾರವಾಗಿ ವರ್ತಿಸುವರೋ?

ಯಂತ್ರ: ಅವರದು ಇನ್ನೂ ಕಠಿನ. ಡಿಡಿಆರ್5ರವರು ಹೊಸ ಮೆಮೊರಿ ಬಂದಾಗ ಅದರೊಡನೆ ಹೊಂದಿಕೊಳ್ಳಲು ಕೆಲವು ನಿಮಿಷಗಳ ಕಾಲ ಕಪ್ಪು ಪರದೆಯ ಹಿಂದೆ ಮೌನವಾಗಿ ಅಭ್ಯಾಸ ಮಾಡಿಕೊಳ್ಳುತ್ತಾರೆ. ಇದನ್ನರಿಯದ ಜನರು ಕೆಟ್ಟಿತೆಂದು ಬಗೆದು ನಡುವೆಯೇ ಆರಿಸುತ್ತಾರೆ, ಅಭ್ಯಾಸ ಮತ್ತೆ ಮೊದಲಿನಿಂದ. ಬಿಟ್‌ಲಾಕರ್ ಎಂಬ ಬೀಗ ಹಾಕಿಸಿಕೊಂಡವರಂತೂ ಬೋರ್ಡು ಬದಲಾದುದನ್ನು ಕಂಡೊಡನೆ, ಒಡೆಯನನ್ನೇ ಕಳ್ಳನೆಂದು ತಿಳಿದು 48 ಅಂಕಿಗಳ ಕೀಲಿಯನ್ನು ಒಪ್ಪಿಸು ಎನ್ನುತ್ತಾರೆ. ಎಲ್ಲಿ ಬರೆದಿಟ್ಟಿದ್ದೇನೆಂದು ಒಡೆಯನಿಗೆ ನೆನಪಿದ್ದರೆ ಅದು ಅದೇ ಡಿಸ್ಕಿನೊಳಗೇ ಇರುತ್ತದೆ.

ನಾನು: ಈಗ ಪರಿಹಾರವೇನು?

ಯಂತ್ರ: ಪ್ಲಗ್ಗನ್ನು ಕೀಳಬೇಕು. ಕಿತ್ತ ಮೇಲೂ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹರಿಯಬಿಡಬೇಕು. ಕೈಯನ್ನು ಕಬ್ಬಿಣದ ಕಪಾಟಿಗೆ ತಾಗಿಸಿ ಮೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ಬಳಿಕ ಹೊಸದಾಗಿ ಬಂದ ಮೂವರನ್ನೂ ಹೊರಗೆ ಕಳುಹಿಸಿ, ನನ್ನ ಹಳೆಯ ರ‍್ಯಾಮು, ಹಳೆಯ ಡಿಸ್ಕು, ಬೋರ್ಡಿನ ಹಳೆಯ ಕಿಂಡಿ, ಇಷ್ಟರಿಂದಲೇ ಎಬ್ಬಿಸಿ ನೋಡಬೇಕು. ಎದ್ದೆನಾದರೆ ಬೋರ್ಡೂ ಎಸ್‌ಎಂಪಿಎಸ್ಸೂ ನಿರ್ದೋಷಿಗಳು, ಎದುರಂಗಡಿಯವರ ಕಣ್ಣೂ ನಿರ್ದೋಷಿ. ಆಮೇಲೆ ಒಂದೊಂದಾಗಿ ಒಳಗೆ ಕರೆಯಬೇಕು. ಇದರಲ್ಲಿ ವಿದ್ಯೆಯೇನೂ ಇಲ್ಲ ಸ್ವಾಮಿ, ಇಲ್ಲದಿರುವುದು ಮನಸ್ಸು. ಮೂರನ್ನೂ ಹಾಕಿ ಬೀದಿಗೆಲ್ಲ ಸಾರಿಯಾಗಿದೆ. ಈಗ ಕಳಚಿದರೆ, ಹಾಕಿದ್ದು ತಪ್ಪೆಂದು ಒಪ್ಪಿದಂತಾಗುತ್ತದೆಂಬ ಭಯ. ಹೊಸ ಎಸ್‌ಎಂಪಿಎಸ್ ತರಲು ಮೈಸೂರಿಗೆ ಹೋಗಿಬರುತ್ತಾರೆ, ಹೊಸ ಬೋರ್ಡಿಗೆ ಸಾಲ ಮಾಡುತ್ತಾರೆ, ಹಾಕಿದುದನ್ನು ಕಳಚಿ ನೋಡಿ ಎಂದರೆ ಮಾತ್ರ ಮುಖ ಕೆಂಪಾಗುತ್ತದೆ.

ಈ ಹೊತ್ತಿಗೆ ಹುಡುಗನು ಚಹದ ಲೋಟಗಳನ್ನು ಹಿಡಿದು ಒಳಗೆ ಬಂದನು. ಯಜಮಾನರೂ ಊಟ ಮುಗಿಸಿ ಅಡಕೆ ಮೆಲ್ಲುತ್ತ ಬಂದರು. ಯಂತ್ರದ ಮಾತೆಂದು ಹೇಳಿದರೆ ನನ್ನ ಬುದ್ಧಿಸ್ವಾಸ್ಥ್ಯದ ವಿಷಯದಲ್ಲಿ ಅವರಿಗೆ ಅನುಮಾನ ಬಂದೀತೆಂದು, ಬೆಂಗಳೂರಿನಲ್ಲಿರುವ ದೊಡ್ಡ ಇಂಜಿನಿಯರೊಬ್ಬರು ಫೋನಿನಲ್ಲಿ ಸಲಹೆ ಕೊಟ್ಟರೆಂದು ನಾನು ಹೇಳಿದೆ. ಬೆಂಗಳೂರು ಎಂಬ ಶಬ್ದದ ಪ್ರಭಾವದಿಂದ ಕೆಲಸ ಕೂಡಲೇ ಮೊದಲಾಯಿತು. ಹುಡುಗನು ಮೂರನ್ನೂ ಕಳಚಿದನು. ಡ್ರಾಯರನ್ನು ತಡಕಿ, ರಬ್ಬರ್ ಸ್ಟಾಂಪುಗಳ ಮಸಿ ಮೆತ್ತಿದ್ದ ಸ್ಪೀಕರನ್ನು ಹುಡುಕಿ ಅದರ ಸ್ಥಾನದಲ್ಲಿ ಸಿಕ್ಕಿಸಿದನು. ಹಳೆಯ ರ‍್ಯಾಮಿನ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ ಎರಡು ಕೊಕ್ಕೆಗಳೂ ಟಕ್ಕೆನ್ನುವಂತೆ ಒತ್ತಿದನು. ಗುಂಡಿ ಒತ್ತಿದಾಗ ಒಂದೇ ಒಂದು ಹ್ರಸ್ವವಾದ ಕೂಗು ಕೇಳಿಬಂದು ಪರದೆಯ ಮೇಲೆ ಅಕ್ಷರ ಮೂಡಿತು. ನೀಲಿ ಪರದೆಯೂ ಹೇಳಿದ ಹೊತ್ತಿಗೆ ಬಂದಿತು; ಹುಡುಗನು ಡಿಲೀಟ್ ಕೀಲಿಯನ್ನು ಒತ್ತಿ ಬಯೋಸಿಗೆ ಹೊಕ್ಕು ಆ ಒಂದು ಸಾಲನ್ನು ಮೊದಲಿನಂತೆ ಮಾಡಿ, ಗೋಡೆಯ ಕ್ಯಾಲೆಂಡರು ನೋಡಿ ತಾರೀಖನ್ನೂ ತಿದ್ದಿದನು. ವಿಂಡೋಸ್ ತೆರೆಯಿತು. ಬಾಗಿಲ ಬಳಿ ಪಹಣಿಗಾಗಿ ಕಾದಿದ್ದ ಅಜ್ಜನೊಬ್ಬನು ತನ್ನ ಸರ್ವೆ ನಂಬರಿನ ಚೀಟಿಯನ್ನು ಕೂಡಲೇ ಮುಂದೆ ಚಾಚಿದನು.

ಯಜಮಾನರು ಮೊದಲು ತಲೆಯೆತ್ತಿ ಬಾಗಿಲಿನಲ್ಲಿ ತೂಗುತ್ತಿದ್ದ ನಿಂಬೆಹಣ್ಣಿನ ಕಡೆಗೆ ಕೃತಜ್ಞತೆಯಿಂದ ನೋಡಿದರು. ಆಮೇಲೆ ಮೇಜಿನ ಮೇಲೆ ಸಾಲಾಗಿ ಮಲಗಿದ್ದ ರ‍್ಯಾಮು, ಎಸ್‌ಎಸ್‌ಡಿ, ಕಾರ್ಡುಗಳನ್ನು ನೋಡಿದರು. ಅವರ ಮುಖದಲ್ಲಿ ಹೊಸ ಉತ್ಸಾಹವೊಂದು ಮೂಡಿತು.

'ಹೆಂಗೂ ಮುಚ್ಚಳ ತೆಗ್ದದೆ ಕನ್ಲಾ' ಎಂದರು ಹುಡುಗನಿಗೆ. 'ಇನ್ನೊಂದ್ಸಲ ಯಾರ್ ತೆಗೀತಾರೆ? ಮೂರ್ನೂ ಒಟ್ಗೇ ಹಾಕ್ಬುಡು.'

ಯಂತ್ರದ ಪ್ರತಿಕ್ರಿಯೆಯನ್ನು ದಾಖಲಿಸಿಕೊಳ್ಳಲು ನಾನು ಪುಸ್ತಕದ ಹಾಳೆ ತಿರುಗಿಸುವಷ್ಟರಲ್ಲಿ ಹುಡುಗನು ಪ್ಲಗ್ಗನ್ನು ಕಿತ್ತಾಗಿತ್ತು.